ಕೊನೆಯ ಕರೆಂಟು ಕಂಬದಾಚೆ

ಹಕ್ಕಲು
೧೬ ಜೂನ್ ೨೦೨೪

ಮಗಳೇ ಇಂಪನಾ,

ನಾವು ಇಲ್ಲಿಗೆ ಬಂದು ಇಂದಿಗೆ ಹದಿನೇಳು ದಿನ. ದಿನವೂ ನಿನಗೆ ಬರೆಯಬೇಕೆಂದು ಕೂರುತ್ತೇನೆ, ಏನು ಬರೆಯಲಿ ಎಂದು ಏಳುತ್ತೇನೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಿಂದಿನ ಗುಡ್ಡ ಹತ್ತಿದರೆ ಎರಡು ಗೆರೆ ಬರುತ್ತದಂತೆ. ಆದರೆ ಇರುವ ಒಂದು ಫೋನನ್ನು ನಿಮ್ಮಪ್ಪ ಆಫ್ ಮಾಡಿ ಟ್ರಂಕಿಗೆ ಹಾಕಿದ್ದಾರೆ. "ಅದನ್ನ ಬಿಟ್ಟು ಬದುಕೋಕೆ ತಾನೇ ಬಂದಿದ್ದು" ಅನ್ನುತ್ತಾರೆ. ಅದಕ್ಕೇ ಈ ಕಾಗದ. ತಂಗಿ ಅಕ್ಷಯಾಳ ಹೊಸ ಶಾಲೆಯ ಗೋಡೆಗೆ ಒಂದು ಅಂಚೆ ಡಬ್ಬ ನೇತು ಹಾಕಿದ್ದಾರೆ, ಅವಳೇ ಹಾಕಿ ಬರುತ್ತಾಳೆ.

ನೀನು ಈ ಜಾಗ ನೋಡಿಲ್ಲವಲ್ಲ, ಹೇಳುತ್ತೇನೆ. ಭದ್ರಾವತಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಇಳಿದ ಮೇಲೆ ಎರಡು ಕಿಲೋಮೀಟರ್ ನಡಿಗೆ. ಊರಿನ ಕೊನೆಯ ಕರೆಂಟು ಕಂಬ ದಾಟಿ, ಒಂದು ಹಳ್ಳ ಇಳಿದು ಹತ್ತಿದರೆ ನಮ್ಮ ಎರಡು ಎಕರೆ. ಇಷ್ಟು ದಿನ ಯಾರೂ ಉಳದೆ ದನ ಮೇಯಲು ಬಿಟ್ಟಿದ್ದ ನೆಲ, ಊರವರು ಹಕ್ಕಲು ಅನ್ನುತ್ತಾರೆ. ಮಣ್ಣಿನ ಇಟ್ಟಿಗೆಯ ಎರಡು ಕೋಣೆ, ಮೇಲೆ ಹಳೆಯ ಹೆಂಚು, ಹಿಂದೆ ಒಂದು ಸೇದುವ ಬಾವಿ. ಬಿಸಿಲಿಗಿಟ್ಟರೆ ಸಂಜೆ ಉರಿಯುವ ಸೋಲಾರ್ ಲಾಟೀನು ಒಂದೇ ಒಂದು. ನಾನು ಅಡುಗೆಗೆ ಒಯ್ದರೆ ಅಕ್ಷಯಾ ಓದಲಾರಳು. ಅವಳಿಗೆ ಕೊಟ್ಟರೆ ನಾನು ಕತ್ತಲಲ್ಲಿ ಉಪ್ಪು ಹುಡುಕಬೇಕು. ಹಾಗಾಗಿ ಅವಳು ಒಲೆಯ ಪಕ್ಕದಲ್ಲೇ ಪುಸ್ತಕ ಹಿಡಿದು ಕೂರುತ್ತಾಳೆ. ಮಗ್ಗಿಯ ಪುಸ್ತಕಕ್ಕೆಲ್ಲ ಹೊಗೆಯ ವಾಸನೆ.

ಪಾತ್ರೆಗೆ ಬೂದಿ, ತಲೆಗೆ ಸೀಗೆಕಾಯಿ. ಸ್ನಾನದ ನೀರು ಬದನೆ ಗಿಡಕ್ಕೆ ಹೋಗುತ್ತದೆ. ತರಕಾರಿಯನ್ನು ಒದ್ದೆ ಮರಳಲ್ಲಿ ಹೂತ ಮಡಕೆಯಲ್ಲಿ ಇಡುತ್ತೇವೆ, ನಾಲ್ಕು ದಿನ ಬಾಡುವುದಿಲ್ಲ. ಹಾಸಿಗೆ ಹೊದಿಕೆ ಎಲ್ಲ ಹಳೆಯ ಸೀರೆಗಳಿಂದ ನಾನೇ ಹೊಲಿದದ್ದು. ಕಾಲಲ್ಲಿ ತುಳಿಯುವ ಮಿಷನ್ ಆದ್ದರಿಂದ ಅದೊಂದು ನನ್ನ ಜೊತೆ ಬರಲು ನಿಮ್ಮಪ್ಪ ಒಪ್ಪಿದರು. ಅವರಿಗಂತೂ ತುಂಬ ಖುಷಿ. ಬೆಳಿಗ್ಗೆ ಬಾವಿಯಿಂದ ನೀರು ಸೇದುತ್ತ, "ನೋಡ್ದ್ಯಾ ಶರಾವತಿ, ನಮಗೆ ಏನೂ ಬೇಕಾಗಿರಲಿಲ್ಲ" ಅಂದರು. ಕಾಗದದ ಮಿಲ್ಲು ನಿಂತ ಮೇಲೆ ಅವರು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

ಕಾಗದನಗರದಲ್ಲಿ ಪಕ್ಕದ ಕ್ವಾರ್ಟರ್ಸಿನ ಕುಕ್ಕರ್ ಮೂರು ಸಲ ಕೂಗಿದರೆ ನಾನು ನಮ್ಮ ಬೇಳೆ ಇಳಿಸುತ್ತಿದ್ದೆ. ಆಮೇಲೆ ಅವರೂ ಖಾಲಿ ಮಾಡಿದರು, ಎದುರಿನವರೂ ಹೋದರು. ಆದರೂ ಬೀದಿಯಲ್ಲಿ ಯಾರದ್ದಾದರೂ ಒಂದು ಸದ್ದು ಇರುತ್ತಿತ್ತು. ಇಲ್ಲಿ ಬೇಳೆ ಬೆಂದದ್ದು ನನಗೇ ಗೊತ್ತಾಗಬೇಕು.

ಲಾರಿ ಹೊರಡುವಾಗ ನೀನು "ಅಪ್ಪನಿಗೆ ಹುಚ್ಚು, ನಿನಗೆ ಬಾಯಿಲ್ಲ" ಅಂದೆ. ನನಗೆ ಅದರ ಮೇಲೆ ಕೋಪವಿಲ್ಲ. ಸೋದರತ್ತೆಯ ಮನೆಯಲ್ಲಿ ಹೊಂದಿಕೊಂಡು ಇರು. ಎರಡನೇ ಪಿಯುಸಿ, ಚೆನ್ನಾಗಿ ಓದು. ಒಂದು ಸಾಲಾದರೂ ಬರೆ.

ನಿನ್ನ ಅಮ್ಮ,
ಶರಾವತಿ


ದುರ್ಗಿಗುಡಿ, ಶಿವಮೊಗ್ಗ
೨ ಜುಲೈ ೨೦೨೪

ಅಮ್ಮಾ,

ನಿನ್ನ ಕಾಗದ ಬಂತು. ಪೋಸ್ಟ್‌ಮ್ಯಾನ್ ನನ್ನ ಹೆಸರು ಕೂಗಿದಾಗ ಯಾವುದೋ ಹುಡುಗ ಬರೆದಿದ್ದಾನೆ ಎಂದುಕೊಂಡು ಅತ್ತೆ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಹಿಂದೆ ನಿನ್ನ ಹೆಸರು ನೋಡಿ ಕೊಟ್ಟರು. ಟ್ರಂಕಿನಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುವವರು ಶಿವಮೊಗ್ಗ ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು. ಕಾಲೇಜಿನಲ್ಲಿ ಮನೆ ಎಲ್ಲಿ ಎಂದು ಕೇಳಿದರೆ ಭದ್ರಾವತಿ ಅಂತಷ್ಟೇ ಹೇಳುತ್ತೇನೆ. ಕರೆಂಟಿಲ್ಲದ ಮನೆ ಅಂದರೆ ಬಡತನ ಅಂದುಕೊಳ್ಳುತ್ತಾರೆ. ಬೇಕಂತಲೇ ಹಾಗಿದ್ದೇವೆ ಅಂದರೆ ತಲೆ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಯಾವುದು ಹೇಳಲಿ?

ಇಲ್ಲಿ ನಾನು ಹಾಲ್‌ನಲ್ಲಿ ಮಲಗುತ್ತೇನೆ. ಅತ್ತೆಯ ಧಾರಾವಾಹಿಗಳು ಮುಗಿಯುವವರೆಗೆ ಚಾಪೆ ಬಿಡಿಸುವಂತಿಲ್ಲ. ಫ್ಯಾನ್ ಇದೆ, ಲೈಟ್ ಇದೆ, ಎಲ್ಲ ಇದೆ. ನನ್ನದು ಅನ್ನಲು ಬೀರುವಿನ ಕೆಳಗಿನ ಒಂದು ಖಾನೆ. ಅತ್ತೆ ಒಳ್ಳೆಯವರೇ. ಮಾಮನೂ ಏನೂ ಅನ್ನುವುದಿಲ್ಲ. ಯಾರೂ ಏನೂ ಅನ್ನುವುದಿಲ್ಲ, ಅಷ್ಟೇ.

ಅಕ್ಷಯಾಳಿಗೆ ಹೊಗೆಯಲ್ಲಿ ಕೂತು ಓದಬೇಡ ಅನ್ನು. ಅಪ್ಪನಿಗೆ ನಾನು ಏನೂ ಹೇಳಿಲ್ಲ.

ಇಂಪನಾ


ಹಕ್ಕಲು
೧೧ ಆಗಸ್ಟ್ ೨೦೨೪

ಇಂಪನಾ,

ಮಳೆ ಹಿಡಿದು ಎರಡು ವಾರ ಹಳ್ಳ ದಾಟಲಾಗಲಿಲ್ಲ, ಹಾಗಾಗಿ ತಡ. ನಿನ್ನ ಕಾಗದವನ್ನು ನಾನು ಎಷ್ಟು ಸಲ ಓದಿದೆ ಎಂದರೆ ಅಕ್ಷಯಾಳಿಗೆ ಬಾಯಿಪಾಠವಾಗಿದೆ. "ಯಾವುದು ಹೇಳಲಿ" ಎಂದು ನೀನು ಕೇಳಿದ್ದಕ್ಕೆ ಉತ್ತರ ನನಗೂ ಹೊಳೆದಿಲ್ಲ.

ರಾಗಿ ಬಿತ್ತಿದ್ದೇವೆ. ಹುಟ್ಟಿದ ಮೊದಲ ವಾರವೇ ಒಂದು ಮೂಲೆಯನ್ನು ಹಂದಿ ಅಗೆದು ಹೋಯಿತು. ನಿಮ್ಮಪ್ಪ ಅಲ್ಲಿ ಮುಳ್ಳು ಕಡಿದು ಬೇಲಿ ಹಾಕಿದರು. ಅಂಗೈಯೆಲ್ಲ ಬೊಬ್ಬೆ. ಇಪ್ಪತ್ತೆರಡು ವರ್ಷ ಕಾಗದದ ಮಿಷನ್ ಮುಂದೆ ನಿಂತ ಕೈ, ಗುದ್ದಲಿಗೆ ಹೊಸದು. ಆದರೂ ಒಂದು ದಿನ ಕೆಲಸ ತಪ್ಪಿಸಿಲ್ಲ. ಮಾತು ಮಾತ್ರ ಕಡಿಮೆಯಾಗಿದೆ.

ಮೊನ್ನೆ ಒಂದು ವಿಷಯ ಗಮನಿಸಿದೆ. ಸಂಜೆಯಾದರೆ ಅವರು ಅಂಗಳದ ಕಲ್ಲಿನ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂರುತ್ತಾರೆ. ನಾನು ಚಹಾ ಕೊಡಲು ಹೋದಾಗ, "ಏನಾದ್ರೂ ಕೇಳಿಸ್ತಿದ್ಯಾ?" ಅಂದರು. ನಾನು ಕಿವಿಗೊಟ್ಟು ನೋಡಿ, ಇಲ್ಲ ಅಂದೆ. "ಹೌದು, ನನಗೂ ಇಲ್ಲ" ಅಂದರು. ಲೋಟ ಕೈಯಲ್ಲೇ ಆರಿತು. ಬಂದ ಹೊಸದರಲ್ಲಿ ಇದೇ ಮೌನವನ್ನು ಔಷಧಿ ಅನ್ನುತ್ತಿದ್ದರು.

ನನಗೆ ಇಲ್ಲಿ ಒಬ್ಬಳು ಸಿಕ್ಕಿದ್ದಾಳೆ. ದ್ಯಾಮಮ್ಮ ಅಂತ, ಆಚೆ ದಿಬ್ಬದಲ್ಲಿ ಕುರಿ ಮೇಯಿಸುವ ಮುದುಕಿ. ಎರಡು ದಿನಕ್ಕೊಮ್ಮೆ ಬಾವಿಯ ಹತ್ತಿರ ಬಂದು ನೀರು ಕುಡಿದು, "ಏನವ್ವ, ಇನ್ನೂ ಇದ್ದೀಯಾ?" ಎಂದು ಕೇಳಿ ಹೋಗುತ್ತಾಳೆ. ಅವಳು ಬಾರದ ದಿನ ನಾನು ಒಲೆಯ ಹತ್ತಿರ, ಬಾವಿಯ ಹತ್ತಿರ, ಮಿಷನ್ನಿನ ಹತ್ತಿರ ಮಾತಾಡುತ್ತಿರುತ್ತೇನಂತೆ. "ಯಾರ ಹತ್ರ ಮಾತಾಡ್ತಿದ್ದೀಯಮ್ಮ?" ಎಂದು ಅಕ್ಷಯಾ ಕೇಳಿದಳು. ನಿನ್ನ ಹತ್ತಿರ ಅಂದೆ. ಅವಳು ನಂಬಿದಳು.

ದಸರಾ ರಜೆಗೆ ಬರುತ್ತೀಯಾ? ಒತ್ತಾಯವಿಲ್ಲ.

ಅಮ್ಮ


ದುರ್ಗಿಗುಡಿ
೬ ಅಕ್ಟೋಬರ್ ೨೦೨೪

ಅಮ್ಮಾ,

ದಸರಾ ರಜೆಯಲ್ಲಿ ಸ್ಪೆಷಲ್ ಕ್ಲಾಸ್ ಇಟ್ಟಿದ್ದಾರೆ, ಬರಲಾಗುವುದಿಲ್ಲ. ಇದು ನೆಪ ಅಂದುಕೊಳ್ಳಬೇಡ. ಅರ್ಧ ನೆಪ.

ನಿನ್ನೆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನನ್ನು ಕಂಡೆ. ಹಣ್ಣಿನ ಗಾಡಿಯ ಹತ್ತಿರ ನಿಂತಿದ್ದರು. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು. ನಾನು ಕರೆದಾಗ ಬೆಚ್ಚಿಬಿದ್ದರು. ಬಾವಿಯ ರಾಟೆಗೆ ಬೇರಿಂಗ್ ಬೇಕಿತ್ತು, ಅದಕ್ಕೆ ಬಂದಿದ್ದೆ, ಈಗಲೇ ವಾಪಸ್ ಹೊರಟೆ ಅಂದರು. ನನಗೆ ಮೂಸಂಬಿ ಜ್ಯೂಸ್ ಕುಡಿಸಿದರು. ನಾನು ಜಗಳವಾಡಬೇಕೆಂದು ನಾಲ್ಕು ತಿಂಗಳಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. "ಅಮ್ಮ ಹೇಗಿದ್ದಾಳೆ?" ಎಂದು ಕೇಳಿದೆ. "ಇದ್ದಾಳೆ, ಇದ್ದಾಳೆ" ಎಂದು ಎರಡು ಸಲ ಅಂದರು.

ರಾಟೆ ಸರಿಯಾಯಿತಾ?

ಇಂಪನಾ


ಹಕ್ಕಲು
೨೦ ಅಕ್ಟೋಬರ್ ೨೦೨೪

ಇಂಪನಾ,

ಹೌದು, ರಾಟೆಗೆ ಬೇರಿಂಗ್ ಬೇಕಿತ್ತು. ಈಗ ಸರಿಯಾಗಿದೆ. ನಿಮ್ಮಪ್ಪ ಚೆನ್ನಾಗಿದ್ದಾರೆ. ನಿನ್ನನ್ನು ನೋಡಿ ಬಂದದ್ದು ಹೇಳಿದರು.

ರಾಗಿ ತೆನೆ ಕಟ್ಟಿದೆ. ಅಕ್ಷಯಾಳ ಎರಡು ಲಂಗ ಬಿಚ್ಚಿ ಒಂದು ಉದ್ದ ಲಂಗ ಹೊಲಿದೆ. ಬೀಸಿದರೆ ಛತ್ರಿಯ ಹಾಗೆ ಅರಳುತ್ತದೆ ಎಂದು ಕುಣಿದಳು. ದೀಪಾವಳಿಗೆ ಹಳ್ಳಿಯಿಂದ ಎಣ್ಣೆ ತಂದು ನಾಲ್ಕು ಹಣತೆ ಹಚ್ಚುತ್ತೇವೆ, ಅಷ್ಟು ಸಾಕು. ನೀನು ಓದು ಬಿಟ್ಟು ಬರಬೇಡ. ಅತ್ತೆಯ ಜೊತೆಯಲ್ಲೇ ಹಬ್ಬ ಮಾಡು.

ಅಮ್ಮ


ಹಕ್ಕಲು
೨೪ ನವೆಂಬರ್ ೨೦೨೪

ಇಂಪನಾ,

ರಾಗಿ ಕೊಯ್ಲು ಮುಗಿಯಿತು. ಹಂದಿ, ನವಿಲು ತಿಂದು ಉಳಿದದ್ದು ನಮಗೆ ವರ್ಷಕ್ಕೆ ಸಾಕಾಗುವಷ್ಟಿದೆ. ಕೆಲಸ ಹೆಚ್ಚಿದ್ದರಿಂದ ಬರೆಯಲಾಗಲಿಲ್ಲ. ನಾವೆಲ್ಲ ಆರಾಮ. ನಿನ್ನ ಪರೀಕ್ಷೆ ಯಾವಾಗ? ಚಳಿ ಶುರುವಾಗಿದೆ, ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಕಾಲೇಜಿಗೆ ಓಡಬೇಡ.

ಅಮ್ಮ

(ಇದೇ ಕವರಿನೊಳಗೆ ಮಡಚಿಟ್ಟಿದ್ದ ಕಾಪಿಪುಸ್ತಕದ ಹಾಳೆ)

ಅಕ್ಕಾ,

ನಾನು ಅಕ್ಷಯಾ. ಅಮ್ಮ ಕವರ್ ಅಂಟಿಸೋಕೆ ನನಗೆ ಕೊಟ್ಟಳು. ಅದಕ್ಕೆ ಇದನ್ನ ಒಳಗೆ ಹಾಕಿದ್ದೀನಿ. ಅಮ್ಮನಿಗೆ ಗೊತ್ತಿಲ್ಲ.

ಅಪ್ಪ ಇಲ್ಲಿ ಇಲ್ಲ. ಗಣಪತಿ ಹಬ್ಬ ಆದಮೇಲೆ ಹೋದರು, ಎರಡು ವಾರದಲ್ಲಿ ಬರ್ತೀನಿ ಅಂತ ಹೇಳಿದ್ದರು. ಬರಲಿಲ್ಲ. ಅಮ್ಮ ಯಾರಿಗೂ ಹೇಳಬೇಡ ಅಂದಿದ್ದಾಳೆ. ನೀನು ಯಾರೋ ಅಲ್ಲವಲ್ಲ.

ಹಳ್ಳದ ದಂಡೆ ಕಡೆಯಿಂದ ರಾಗಿ ಹೊರೆ ಹೊತ್ತುಕೊಂಡು ಬರುವಾಗ ಅಮ್ಮ ಹಳ್ಳಕ್ಕೆ ಜಾರಿ ಬಿದ್ದಳು. ಕಾಲು ಬೂದುಗುಂಬಳದ ಹಾಗೆ ಊದಿತ್ತು. ನಾಲ್ಕು ದಿನ ಏಳಲಿಲ್ಲ. ನಾನು ಶಾಲೆಗೆ ಹೋಗದೆ ಗಂಜಿ ಮಾಡಿದೆ. ಮೊದಲನೇ ದಿನದ್ದು ಸೀದುಹೋಯಿತು, ಅಮ್ಮ ಚೆನ್ನಾಗಿದೆ ಅಂದಳು. ನೀರು ಸೇದೋಕೆ ಸಣ್ಣ ಬಿಂದಿಗೆ ಕಟ್ಟಿಕೊಂಡೆ. ದ್ಯಾಮಜ್ಜಿ ಹುಣಸೆ ಎಲೆ ಬಿಸಿ ಮಾಡಿ ಕಾಲಿಗೆ ಕಟ್ಟಿದಳು, ಉಳಿದ ರಾಗಿನೂ ಕೊಯ್ದಳು. ಈಗ ಅಮ್ಮ ಕೋಲು ಹಿಡಿದು ನಡೀತಾಳೆ.

ಅಮ್ಮ ಅಳಲಿಲ್ಲ. ಆದರೆ ಮಾತೂ ಆಡಲಿಲ್ಲ. ಮೊದಲು ಒಲೆ ಹತ್ತಿರ ಆದರೂ ಮಾತಾಡ್ತಿದ್ದಳು. ಅದಕ್ಕೆ ನನಗೆ ಭಯ ಆಯಿತು.

ನೀನು ಬಾ.

ಅಕ್ಷಯಾ


ದುರ್ಗಿಗುಡಿ
೧ ಡಿಸೆಂಬರ್ ೨೦೨೪

ಅಮ್ಮಾ,

ಈ ಕಾಗದ ಸೇರುವುದರೊಳಗೆ ನಾನೇ ಬಂದಿರಬಹುದು. ಬುಧವಾರ ಕಾಲೇಜಿನ ಪರೀಕ್ಷೆ ಮುಗಿಯುತ್ತದೆ, ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಆದರೂ ಬರೆಯುತ್ತಿದ್ದೇನೆ. ಎದುರು ನಿಂತರೆ ನನಗೆ ಹೇಳಲು ಬರುವುದಿಲ್ಲ. ಅಕ್ಷಯಾಳನ್ನು ಬೈಯಬೇಡ. ಕವರಿನಲ್ಲಿ ಅವಳ ಹಾಳೆ ಸಿಕ್ಕಿತು.

ಹಾಳೆ ಓದಿದ ದಿನ ಅತ್ತೆಯ ಮುಂದೆ ಹಿಡಿದೆ. ಅವರು ಟಿವಿ ಆಫ್ ಮಾಡಿದರು. ಅಪ್ಪ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದಾರೆ, ಅದರ ಹಿಂದಿನ ಕೋಣೆಯಲ್ಲೇ ಇದ್ದಾರೆ ಅಂದರು. ಅತ್ತೆಗೆ ಮೊದಲಿಂದ ಗೊತ್ತಿತ್ತು. "ನಿಮ್ಮಪ್ಪ ನನ್ನ ಕೈ ಹಿಡ್ಕೊಂಡು ಹೇಳಬೇಡ ಅಂದ ಕಣೇ, ನಾನೇನು ಮಾಡ್ಲಿ" ಎಂದು ಅತ್ತರು. ನಾನು ಬಸ್‌ಸ್ಟ್ಯಾಂಡಿನಲ್ಲಿ ನೋಡಿದ ದಿನವೇ ಏನೋ ಸರಿಯಿಲ್ಲ ಅನ್ನಿಸಿತ್ತು, ಅಮ್ಮ. ಆ ಇಸ್ತ್ರಿಯ ಶರ್ಟು. ನಿನಗೆ ಬರೆದು ಕೇಳಿದೆ, ನೀನು ರಾಟೆ ಸರಿಯಾಗಿದೆ ಅಂದೆ. ನೀನು ಹೇಳಲಿಲ್ಲವೆಂದು ನಾನೂ ಮುಂದೆ ಕೇಳಲಿಲ್ಲ. ನನ್ನದೂ ತಪ್ಪು.

ನಿನ್ನೆ ಹೋಗಿದ್ದೆ. ಪೈಪು ಕತ್ತರಿಸುವ ಜಾಗ. ಅಬ್ಬಾ ಆ ಸದ್ದು. ಅಪ್ಪ ನನ್ನನ್ನು ನೋಡಿ ಮಿಷನ್ ನಿಲ್ಲಿಸಿದರು. ಜೊತೆಗೆ ಕೆಲಸ ಮಾಡುವ ದುಷ್ಯಂತ್ ಅನ್ನುವವರು ನಮ್ಮಿಬ್ಬರಿಗೆ ಎರಡು ಸ್ಟೂಲ್ ಹಾಕಿ ಹೊರಗೆ ಹೋದರು.

"ಅಮ್ಮ ಬಿದ್ದು ನಾಲ್ಕು ದಿನ ಎದ್ದಿಲ್ಲ. ಗೊತ್ತಾ ನಿಮಗೆ?" ಅಂದೆ.

ಅವರಿಗೆ ಗೊತ್ತಿರಲಿಲ್ಲ. ಮುಖ ಹೇಗಾಯಿತೆಂದರೆ ನನಗೆ ಬೈಯಲು ಆಗಲಿಲ್ಲ.

"ಯಾಕೆ ಬಿಟ್ಟು ಬಂದ್ರಿ? ನಿಮಗೇ ತಾನೇ ಅದು ಬೇಕಾಗಿದ್ದು? ಫೋನ್ ಬೇಡ, ಕರೆಂಟ್ ಬೇಡ, ಕಡೆಗೆ ನಾವೂ ಬೇಡ್ವಾ?"

ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ, "ಇಲ್ಲಿ ನಿದ್ದೆ ಬರುತ್ತೆ ಕಣೇ" ಅಂದರು.

"ಅಲ್ಲಿ?"

"ಒಂದಿನಾನೂ ಬರಲಿಲ್ಲ."

"ಅಮ್ಮನಿಗೆ ಹೇಳಿದ್ರಾ?"

"ಹೇಗೆ ಹೇಳ್ಲಿ? ಕರ್ಕೊಂಡು ಹೋದವನೇ ನಾನು."

ನಾನು ಎದ್ದು ಬಂದೆ. ಗೇಟಿನ ಹತ್ತಿರ ಹಿಂತಿರುಗಿ ನೋಡಿದಾಗ ಮಿಷನ್ ಹಾಕದೆ ಹಾಗೇ ಕೂತಿದ್ದರು. ನಿನಗೆ ಬರೆಯಿರಿ ಎಂದು ಹೇಳಿ ಬಂದಿದ್ದೇನೆ. ಬರೆಯುತ್ತಾರೋ ಇಲ್ಲವೋ.

ಮೊಣಕಾಲಿನವರೆಗೂ ಬರುವ ದಪ್ಪ ಕಾಲುಚೀಲ ತರುತ್ತೇನೆ. ಬೇಡ ಅನ್ನಬೇಡ.

ನಿನ್ನ
ಇಂಪು


ಮಾಚೇನಹಳ್ಳಿ
೪ ಡಿಸೆಂಬರ್ ೨೦೨೪

ಶರಾವತಿಗೆ,

ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಿನಗೆ ಕಾಗದ ಬರೆಯುವ ಪ್ರಸಂಗ ಬಂದಿರಲಿಲ್ಲ. ಹೇಗೆ ಶುರು ಮಾಡಬೇಕೆಂದು ತಿಳಿಯದು. ನಿನ್ನ ಕಾಲು ಹೇಗಿದೆ? ನಾನು ಕೇಳುವ ಹಾಗಿಲ್ಲ, ಆದರೂ ಕೇಳುತ್ತಿದ್ದೇನೆ.

ಹೊರಡುವಾಗ ಎರಡು ವಾರ ಅಂದಿದ್ದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಇಲ್ಲಿಗೆ ಬಂದ ಮೊದಲ ದಿನ ಮಿಷನ್ ಸದ್ದಿನ ಪಕ್ಕದ ಕೋಣೆಯಲ್ಲಿ ಹಗಲಲ್ಲೇ ಹತ್ತು ಗಂಟೆ ಸತ್ತವನಂತೆ ಮಲಗಿದೆ. ಎದ್ದಾಗ ಅಳು ಬಂತು. ಆಮೇಲೆ ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದು ತಳ್ಳಿದೆ. ಪ್ರತಿ ಶನಿವಾರ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ತಿರುಗಿ ಬರುತ್ತಿದ್ದೆ. ಇಂಪನಾ ನನ್ನನ್ನು ಕಂಡದ್ದು ಹಾಗೊಂದು ದಿನ.

ಮಿಲ್ಲಿನ ಕಾಲದಲ್ಲಿ ಹಗಲೂ ರಾತ್ರಿ ಆ ಸದ್ದು ಇತ್ತು, ನೀನೂ ಕೇಳಿದ್ದೀಯ. ಅದು ನಿಂತಾಗ ಜನ ಕೆಲಸ ಹೋಯಿತೆಂದು ಅತ್ತರು. ನಾನು ಅಳಲಿಲ್ಲ. ಆಮೇಲೆ ಬೀದಿಯಲ್ಲಿ ಒಂದೊಂದೇ ಮನೆಗೆ ಬೀಗ ಬಿತ್ತು. ಪ್ರತಿ ಲಾರಿಗೂ ನಾನೇ ಸಾಮಾನು ಹತ್ತಿಸಿದೆ. ಎಂಟು ವರ್ಷ ಅದೇ ಕೆಲಸ. ಯಾರೂ ಇಲ್ಲದ ಜಾಗಕ್ಕೆ ಹೋಗಿಬಿಟ್ಟರೆ ಅಲ್ಲಿ ಯಾರೂ ಬಿಟ್ಟುಹೋಗುವುದಿಲ್ಲ ಎಂದುಕೊಂಡೆ. ಕಡೆಗೆ ಬಿಟ್ಟುಹೋದವನು ನಾನೇ.

ಸರಳವಾಗಿ ಬದುಕುವುದು ನನಗೆ ಕಷ್ಟವಾಗಲಿಲ್ಲ, ನಂಬು. ಗಂಜಿಯಾಗಲಿ ನೀರು ಸೇದುವುದಾಗಲಿ ಅಲ್ಲ. ಸಂಜೆ ಆ ಕಲ್ಲಿನ ಮೇಲೆ ಕೂತರೆ ಎದೆ ಹೊಡೆದುಕೊಳ್ಳುತ್ತಿತ್ತು. ಗುಡ್ಡ ಹತ್ತಿರ ಹತ್ತಿರ ಬಂದಂತಾಗುತ್ತಿತ್ತು. ನಿನಗೆ ಹೇಳಬೇಕೆಂದು ಒಳಗೆ ಬರುತ್ತಿದ್ದೆ. ನೀನು ಲಾಟೀನಿನ ಮುಂದೆ ಹೊಲಿಯುತ್ತಿರುತ್ತಿದ್ದೆ. ಇಷ್ಟವಿಲ್ಲದೆ ಬಂದವಳು ಇಷ್ಟು ತೆಪ್ಪಗೆ ಇದ್ದಾಳೆ, ಕರೆತಂದ ನಾನೇ ಹೆದರಿದೆ ಎಂದು ಯಾವ ಬಾಯಲ್ಲಿ ಹೇಳಲಿ?

ನೀವಿಬ್ಬರೂ ಇಲ್ಲಿಗೆ ಬಂದುಬಿಡಿ. ಒಂದು ಮನೆ ನೋಡುತ್ತೇನೆ. ಆ ನೆಲ ಯಾರಿಗಾದರೂ ಕೊಟ್ಟುಬಿಡೋಣ. ನೀನು ಹೇಗೆ ಹೇಳಿದರೆ ಹಾಗೆ.

ಶಿವಪ್ರಸಾದ್


ಹಕ್ಕಲು
೨೨ ಡಿಸೆಂಬರ್ ೨೦೨೪

ಇಂಪನಾಳ ಅಪ್ಪನಿಗೆ, ಶರಾವತಿಯ ನಮಸ್ಕಾರ.

ನಿಮ್ಮ ಕಾಗದ ಬಂದಾಗ ಇಂಪನಾ ಇಲ್ಲೇ ಇದ್ದಳು. ನಾಲ್ಕು ದಿನ ಇದ್ದು ಹೋದಳು. ರಾಗಿ ಬಡಿದು, ತೂರಿ, ಚೀಲ ಕಟ್ಟಿ ಇಟ್ಟಿದ್ದಾಳೆ. ಅಂಗೈ ತೋರಿಸಿ "ಅಪ್ಪನ ಥರ ಬೊಬ್ಬೆ ಬಂತು ನೋಡು" ಅಂದಳು. ಹೊರಡುವ ದಿನ ಅಕ್ಷಯಾಳ ತಲೆ ಬಾಚಿ, ಹೆಣೆದ ಜಡೆಯನ್ನು ಮತ್ತೆ ಬಿಚ್ಚಿ ಹೆಣೆದಳು. ಬಸ್ಸು ತಪ್ಪಲಿ ಎಂದು ಇರಬೇಕು. ತಪ್ಪಲಿಲ್ಲ.

ನನ್ನ ಕಾಲು ವಾಸಿಯಾಗಿದೆ. ಕೋಲು ಬಿಟ್ಟಿದ್ದೇನೆ.

ನಾನು ತೆಪ್ಪಗಿದ್ದೆ ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ಸಿಟ್ಟು ಬಂತು. ನಿಮ್ಮ ಮೇಲೆ ಸಿಟ್ಟು ಬಂದದ್ದನ್ನು ನಿಮಗೇ ಹೇಳುತ್ತಿರುವುದು ಇದೇ ಮೊದಲು. ನಾನೂ ಹೆದರಿದ್ದೆ. ಬಂದ ದಿನದಿಂದ ಹೆದರಿದ್ದೆ. ನೀವು ಖುಷಿಯಾಗಿದ್ದೀರೆಂದುಕೊಂಡು ನಾನು ಹೇಳಲಿಲ್ಲ. ನಾನು ತೆಪ್ಪಗಿದ್ದೇನೆಂದುಕೊಂಡು ನೀವು ಹೇಳಲಿಲ್ಲ. ಇಲ್ಲಿ ಇದ್ದದ್ದು ಒಂದೇ ಲಾಟೀನು, ಕೂರುತ್ತಿದ್ದದ್ದು ಎರಡು ಮಾರು ದೂರದಲ್ಲಿ. ಗುಡ್ಡದ ಮೌನ ಅಷ್ಟು ದೊಡ್ಡದಾಗಿರಲಿಲ್ಲ. ನಮ್ಮಿಬ್ಬರದೇ ಅದಕ್ಕಿಂತ ದೊಡ್ಡದಿತ್ತು.

ಬಿದ್ದ ದಿನ ಹಳ್ಳದಲ್ಲಿ ಒಂದು ಗಂಟೆ ಕೂತಿದ್ದೆ. ಅಕ್ಷಯಾ ಶಾಲೆಯಿಂದ ಬರುವವರೆಗೆ ಯಾರೂ ಬರುವುದಿಲ್ಲವೆಂದು ಗೊತ್ತಿತ್ತು. ನಿಮ್ಮ ಹೆಸರು ಹಿಡಿದು ಕೂಗಿದೆ. ಯಾವತ್ತೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಜೋರಾಗಿ ಕೂಗಿದೆ. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ನನಗೆ ನಗು ಬಂತು. ಬಾಯಿಲ್ಲದವಳು ಎಂದು ಇಂಪನಾ ಅಂದಿದ್ದಳಲ್ಲ, ಇಷ್ಟು ದೊಡ್ಡ ದನಿ ನನ್ನೊಳಗೆ ಎಲ್ಲಿತ್ತು? ಅದಾದ ಮೇಲೆ ನನಗೆ ಈ ಜಾಗದ ಹೆದರಿಕೆ ಹೋಯಿತು. ಒಂಟಿತನ ಹೋಗಿಲ್ಲ. ಅದು ಇದೆ. ಬೆಳಿಗ್ಗೆ ಎದ್ದಾಗ ಇರುತ್ತದೆ, ಮಲಗುವಾಗ ಇರುತ್ತದೆ. ಆದರೆ ಕಾಗದನಗರದ ಆ ಬೀಗ ಬಿದ್ದ ಬೀದಿಯಲ್ಲೂ ಅದು ಇತ್ತು.

ಬರುವುದಿಲ್ಲ. ನೆಲ ಕೊಡುವುದೂ ಬೇಡ. ಅವರೆ ಹಾಕಿದ್ದೇನೆ, ಹೂ ಬಿಟ್ಟಿದೆ. ಹಳ್ಳಿಯ ಹೆಂಗಸರು ಹೊಲಿಗೆ ತಂದುಕೊಡಲು ಶುರು ಮಾಡಿದ್ದಾರೆ, ಬಂದವರು ಬಾವಿಕಟ್ಟೆಯಲ್ಲಿ ಕೂತು ಸ್ವಲ್ಪ ಮಾತಾಡಿ ಹೋಗುತ್ತಾರೆ. ಅಕ್ಷಯಾ ಇಲ್ಲಿ ತನ್ನದೇ ಒಂದು ದಾರಿ ಮಾಡಿಕೊಂಡಿದ್ದಾಳೆ. ನನಗೆ ಇನ್ನೊಂದು ಸಲ ಸಾಮಾನು ಕಟ್ಟುವ ಶಕ್ತಿ ಇಲ್ಲ. ಟ್ರಂಕಿನಿಂದ ಫೋನ್ ತೆಗೆದಿದ್ದೇನೆ. ಹಳ್ಳಿಯಲ್ಲಿ ಚಾರ್ಜ್ ಮಾಡಿಸಿ ತುರ್ತಿಗೆಂದು ಇಟ್ಟುಕೊಂಡಿದ್ದೇನೆ. ನಿಮ್ಮನ್ನು ಕೇಳಲಿಲ್ಲ.

ನಿಮಗೆ ಅಲ್ಲಿ ನಿದ್ದೆ ಬರುವುದಾದರೆ ಅಲ್ಲೇ ಮಲಗಿ. ಭಾನುವಾರ ಬನ್ನಿ. ಬೆಳಿಗ್ಗೆ ಬಂದು, ಊಟ ಮಾಡಿ, ಸಂಜೆಯಾಗುವ ಮೊದಲು ನಾಲ್ಕರ ಬಸ್ಸಿಗೆ ಹೊರಟುಬಿಡಿ. ಕತ್ತಲಾಗುವವರೆಗೆ ಇರಿ ಎಂದು ನಾನು ಒತ್ತಾಯಿಸುವುದಿಲ್ಲ. ತಪ್ಪು ಹೊತ್ತುಕೊಂಡು ಬರಬೇಡಿ. ಹೊತ್ತುಕೊಂಡು ಬಂದರೆ ಅದನ್ನು ಇಳಿಸಿಕೊಳ್ಳಲು ನನಗೆ ಕೈ ಖಾಲಿಯಿಲ್ಲ.

ಶರಾವತಿ


ಹಕ್ಕಲು
೨೩ ಫೆಬ್ರವರಿ ೨೦೨೫

ಇಂಪು,

ಬರುವ ಶನಿವಾರ ನಿನ್ನ ಮೊದಲ ಪರೀಕ್ಷೆ. ಗುಡ್ಡ ಹತ್ತಿ ಫೋನ್ ಮಾಡಬಹುದಿತ್ತು. ಆದರೆ ಅಲ್ಲಿ ಗಾಳಿಗೆ ಮಾತೇ ಕೇಳುವುದಿಲ್ಲ, ನೀನು "ಹಾಂ? ಹಾಂ?" ಅನ್ನುತ್ತೀಯ, ನಾನು "ಏನಿಲ್ಲ" ಅನ್ನುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ. ಪೆನ್ನು ಎರಡು ಇಟ್ಟುಕೊ. ಬರೆಯುವ ಮೊದಲು ಪ್ರಶ್ನೆ ಪೂರ್ತಿ ಓದು. ನನಗೆ ಗೊತ್ತಿರುವುದು ಇಷ್ಟೇ.

ನಿಮ್ಮಪ್ಪನ ವಿಷಯ ಕೇಳಿದ್ದೀಯ. ಜನವರಿಯ ಮೊದಲ ಭಾನುವಾರ ಬಂದರು. ಚಪ್ಪಲಿಯನ್ನು ನೆಂಟರ ಹಾಗೆ ಅಂಗಳದಾಚೆಗೇ ಬಿಟ್ಟು, "ನೀರು ಕೊಡ್ತೀಯಾ?" ಎಂದು ಕೇಳಿದರು. ತಾವೇ ಸೇದುತ್ತಿದ್ದ ಬಾವಿಯ ನೀರು. ನಾನು ಕೊಟ್ಟೆ. ಊಟಕ್ಕೆ ಕೂತಾಗ ಅಕ್ಷಯಾ ಒಂದೇ ಸಮನೆ ಮಾತಾಡಿದಳು. ಅವಳು ಕೈ ತೊಳೆಯಲು ಎದ್ದಾಗ ನಾವಿಬ್ಬರೇ ಉಳಿದೆವು. "ಗುಡ್ಡ ನೋಡಿದರೆ ಈಗಲೂ ಹಾಗೇ ಆಗುತ್ತೆ" ಅಂದರು. "ಹಾಗಾದರೆ ಈ ಕಡೆ ತಿರುಗಿ ಕೂತ್ಕೊಳ್ಳಿ" ಅಂದೆ. ತಿರುಗಿ ಕೂತರು. ದೊಡ್ಡ ಮಾತೇನೂ ಆಗಲಿಲ್ಲ. ಬೇಲಿಯ ಬಗ್ಗೆ, ನಿನ್ನ ಕಾಲೇಜಿನ ಬಗ್ಗೆ ಮಾತಾಡಿದೆವು. ಆದರೆ ಒಂದು ಗಂಟೆ ಮಾತಾಡಿದೆವು. ಕಾಗದನಗರದಲ್ಲಿ ನಾವು ಒಂದು ಗಂಟೆ ಮಾತಾಡಿದ್ದು ನನಗೆ ನೆನಪಿಲ್ಲ.

ನಾಲ್ಕರ ಬಸ್ಸಿಗೆ ರಸ್ತೆಯವರೆಗೆ ನಡೆದು ಬಿಟ್ಟುಬಂದೆ. ಹತ್ತುವಾಗ ರೂಢಿಯಂತೆ "ಬರ್ತೀನಿ" ಅನ್ನಲು ಹೋಗಿ ತಡೆದರು. "ಮುಂದಿನ ಭಾನುವಾರ, ಹನ್ನೊಂದರ ಬಸ್ಸಿಗೆ" ಅಂದರು. ಬಸ್ಸು ಹೋದ ಮೇಲೆ ಎರಡು ಕಿಲೋಮೀಟರ್ ಒಬ್ಬಳೇ ತಿರುಗಿ ಬರಬೇಕಲ್ಲ, ಆ ದಾರಿಯಷ್ಟು ಉದ್ದದ್ದು ನನ್ನ ವಾರದಲ್ಲಿ ಬೇರೆ ಯಾವುದೂ ಇಲ್ಲ.

ಮುಂದಿನ ಭಾನುವಾರ ಬಂದರು. ಅದರ ಮುಂದಿನದಕ್ಕೆ ಬರಲಿಲ್ಲ. ಅದರಾಚೆಯದಕ್ಕೂ ಇಲ್ಲ. "ಬಸ್ಸಿನವರೆಗೆ ಹೋಗಿದ್ದೆ, ಹತ್ತಲಾಗಲಿಲ್ಲ" ಎಂದು ಒಂದು ಕಾರ್ಡು ಬಂತು. ಅದನ್ನು ಓದಿ ನನಗೆ ಬೇಸರವಾಗಲಿಲ್ಲ ಅಂದರೆ ಸುಳ್ಳು. ಆದರೆ ಆಗಲಿಲ್ಲ ಎಂದು ಬರೆದು ಕಳಿಸಿದರಲ್ಲ. ಆಮೇಲೆ ಮತ್ತೆ ಬಂದರು. ಹೀಗೇ ನಡೆದಿದೆ. ಕೆಲವು ವಾರ ಬರುತ್ತಾರೆ, ಕೆಲವು ವಾರ ಇಲ್ಲ. ಇದು ಸರಿಹೋಗುವ ದಾರಿಯೋ, ಹೀಗೇ ಇರುವ ದಾರಿಯೋ, ನನಗೆ ತಿಳಿಯದು. ಯಾರಾದರೂ ನಿಮ್ಮ ಮನೆ ಹೇಗೆ ಎಂದು ಕೇಳಿದರೆ ನೀನ್ಯಾವುದನ್ನೂ ಮುಚ್ಚಿಡಬೇಡ. ಇರುವುದನ್ನು ಇದ್ದ ಹಾಗೆ ಹೇಳು.

ಇವತ್ತು ಭಾನುವಾರ. ಹನ್ನೊಂದರ ಬಸ್ಸಿಗೆ ಇನ್ನೂ ಹೊತ್ತಿದೆ. ಅಕ್ಷಯಾ ಆಗಲೇ ಹಳ್ಳ ದಾಟಿ ಹೋಗಿದ್ದಾಳೆ. ಒಲೆ ಹೊತ್ತಿಸಿದ್ದೇನೆ. ಪ್ರತಿ ಭಾನುವಾರ ಈ ಹೊತ್ತಿಗೆ ಅಕ್ಕಿಯ ಡಬ್ಬದ ಮುಂದೆ ಪಾವು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇಬ್ಬರಿಗೆ ಹಾಕಲೋ ಮೂವರಿಗೋ ಎಂದು. ಆಮೇಲೆ ಮೂವರಿಗೇ ಹಾಕುತ್ತೇನೆ. ಉಳಿದರೆ ಸಂಜೆಗಾಗುತ್ತದೆ, ಇನ್ನೂ ಉಳಿದರೆ ನಾಳೆ ಬೆಳಿಗ್ಗೆ ಅಕ್ಷಯಾಳಿಗೆ ಚಿತ್ರಾನ್ನ. ಇಲ್ಲಿ ನಾವು ಏನನ್ನೂ ಚೆಲ್ಲುವುದಿಲ್ಲ.

ನಿನ್ನ ಅಮ್ಮ,
ಶರಾವತಿ